ಸೋರುವ ಟ್ಯಾಂಕಿನ ಕಪ್ತಾನ

ಸೋರುವ ಟ್ಯಾಂಕಿನ ಕಪ್ತಾನ ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಬೋಟ್‌ಯಾರ್ಡುಗಳಲ್ಲಿ ಕಾಣಸಿಗುವ ವ್ಯಕ್ತಿ. ಲಿಮಿಂಗ್ಟನ್, ಹ್ಯಾಂಬಲ್, ಫಾಲ್ಮತ್ ಮುಂತಾದ ಕಡೆ ಇವನ ಸಂಖ್ಯೆ ಹೆಚ್ಚು. ವಯಸ್ಸು ಅರವತ್ತರ ಆಚೀಚೆ, ನೌಕರಿಯಿಂದ ನಿವೃತ್ತ. 1970ರ ದಶಕದಲ್ಲಿ ಫೈಬರ್‌ಗ್ಲಾಸಿನಲ್ಲಿ ತಯಾರಾಗಿ, ನಾಲ್ಕಾರು ಕೈ ದಾಟಿ ಬಂದ ಮೂವತ್ತೆರಡು ಅಡಿಯ ಒಂದು ಹಾಯಿದೋಣಿ ಇವನದು. ಕಪ್ತಾನ ಎಂಬುದು ಇಲ್ಲಿ ಪದವಿಯಲ್ಲ. ದೋಣಿಗೆ ದುಡ್ಡು ಕೊಟ್ಟವನು ಎಂದಷ್ಟೇ ಅರ್ಥ. ಮಂಡಿಯ ಮೇಲೆ ಎಪಾಕ್ಸಿ ಮೆತ್ತಿ ಕಲ್ಲಾದ ಪ್ಯಾಂಟು, ಹಣೆಗೆ ಕಟ್ಟಿದ ದೀಪ, ಕನಿಷ್ಠ ಎರಡು ಬೆರಳಿಗೆ ಬ್ಯಾಂಡೇಜು, ಇವು ಗುರುತುಗಳು. ಚುಕ್ಕಾಣಿ ಹಿಡಿದು ನಿಂತ ಭಂಗಿಯಲ್ಲಿ ಇವನನ್ನು ಕಂಡವರು ಕಡಿಮೆ. ನೆಲಹಲಗೆಯ ಕೆಳಗಿನಿಂದ ಹೊರಚಾಚಿದ ಎರಡು ಕಾಲುಗಳಾಗಿ ಕಂಡವರು ಬಹಳ.

ಸುತ್ತ ಅಷ್ಟೊಂದು ನೀರಿರುವಾಗ ದೋಣಿಯೊಳಗೆ ಮತ್ತೆ ನೀರಿನ ಟ್ಯಾಂಕ್ ಏಕೆಂದರೆ, ಸಮುದ್ರದ ಒಂದು ಲೀಟರಿನಲ್ಲಿ ಸುಮಾರು 35 ಗ್ರಾಂ ಉಪ್ಪಿದೆ. ಕುಡಿದಷ್ಟೂ ದಾಹ ಹೆಚ್ಚುತ್ತದೆ. ಆದ್ದರಿಂದ ಇಷ್ಟು ಗಾತ್ರದ ದೋಣಿಗಳು ನೂರೈವತ್ತು ಇನ್ನೂರೈವತ್ತು ಲೀಟರ್ ಸಿಹಿನೀರನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಹೊರಡುತ್ತವೆ. ಟ್ಯಾಂಕುಗಳಲ್ಲಿ ಪ್ಲಾಸ್ಟಿಕ್‌, ಅಲ್ಯೂಮಿನಿಯಂ, ದೋಣಿಯ ಗೋಡೆಗೇ ಸೇರಿಸಿ ಕಟ್ಟಿದ ಫೈಬರ್‌ಗ್ಲಾಸ್ ಎಂಬ ಬಗೆಗಳುಂಟು. ಕಪ್ತಾನನದು ಸ್ಟೇನ್‌ಲೆಸ್ ಸ್ಟೀಲು. ಇದನ್ನು ಅವನು ಬಹುಕಾಲ ಹೆಮ್ಮೆಯಿಂದಲೇ ಹೇಳಿಕೊಂಡಿರುತ್ತಾನೆ.

ಸ್ಟೀಲಿಗೆ ತುಕ್ಕು ಹಿಡಿಯದು ಎಂಬುದು ಅಡುಗೆಮನೆಯ ಅನುಭವ. ಅಡುಗೆಮನೆಯ ಪಾತ್ರೆಯನ್ನು ದಿನವೂ ತೊಳೆದು, ಒರೆಸಿ, ಬೋರಲು ಹಾಕುತ್ತಾರೆ. ಅದರ ಮೈಮೇಲೆ ಕಣ್ಣಿಗೆ ಕಾಣದ ಕ್ರೋಮಿಯಂ ಆಕ್ಸೈಡಿನ ಪೊರೆಯೊಂದಿದೆ; ಗೀಚಿದರೆ ಗಾಳಿಯ ಆಮ್ಲಜನಕ ಹೀರಿ ತಾನೇ ಕೂಡಿಕೊಳ್ಳುತ್ತದೆ. ದೋಣಿಯ ಟ್ಯಾಂಕಿನ ತಳಕ್ಕೆ ಆ ಭಾಗ್ಯವಿಲ್ಲ. ಅದು ಒದ್ದೆ ಮರದ ಮೇಲೋ ನೀರು ಕುಡಿದ ಫೋಮಿನ ಮೇಲೋ ನಲವತ್ತು ವರ್ಷ ಗಾಳಿಯಿಲ್ಲದೆ ಕೂತಿರುತ್ತದೆ. ಅಲ್ಲಿ ಹರಿದ ಪೊರೆ ಮತ್ತೆ ಕೂಡುವುದಿಲ್ಲ. ಬೆಸುಗೆಯ ಅಂಚಿನಲ್ಲಿ ಮೊದಲು ಒಂದು ಕಲೆ, ಆಮೇಲೆ ಒಂದು ಕುಳಿ, ಕೊನೆಗೆ ಸೂಜಿಮೊನೆಯಷ್ಟು ತೂತು. ನೀರು ಶುದ್ಧವಾಗಿರಲೆಂದು ವರ್ಷವರ್ಷವೂ ಧಾರಾಳವಾಗಿ ಸುರಿದ ಕ್ಲೋರಿನ್ನು ಈ ಕೆಲಸಕ್ಕೆ ತನ್ನ ಕೈಲಾದ ಸಹಾಯ ಮಾಡಿರುತ್ತದೆ.

ಸೋರಿಕೆ ಮೊದಲು ಪತ್ತೆಯಾಗುವುದು ನಾಲಿಗೆಗೆ. ದೋಣಿಯ ಅತಿ ತಗ್ಗಿನ ಜಾಗಕ್ಕೆ ಬಿಲ್ಜ್ ಎಂದು ಹೆಸರು. ಡೀಸೆಲ್ಲು, ಸಾಬೂನು ನೀರು, ಹತ್ತು ವರ್ಷದ ಹಿಂದೆ ಜಾರಿಬಿದ್ದ ಬಿಸ್ಕತ್ತು, ಎಲ್ಲವೂ ಅಲ್ಲಿಗೇ ಬಂದು ಸೇರುತ್ತವೆ. ಅಲ್ಲಿ ನೀರು ಏರಿದ್ದು ಕಂಡರೆ ಕಪ್ತಾನ ಬೆರಳದ್ದಿ ನೆಕ್ಕುತ್ತಾನೆ. ಉಪ್ಪಾದರೆ ಸಮುದ್ರ ಒಳಗೆ ಬರುತ್ತಿದೆ: ಪ್ರೊಪೆಲರ್ ದಂಡ ಹೊರಬೀಳುವ ರಂಧ್ರವೋ ಯಾವುದೋ ವಾಲ್ವೋ ಕೈಕೊಟ್ಟಿದೆ. ಸಿಹಿಯಾದರೆ ಟ್ಯಾಂಕು. ಬೇರೆ ಯಾವ ಸಂದರ್ಭದಲ್ಲೂ ಮಾರುಕಟ್ಟೆಯ ದ್ರಾಕ್ಷಿಯನ್ನು ತೊಳೆಯದೆ ಬಾಯಿಗಿಡದ ಮನುಷ್ಯನೀತ. ರುಚಿ ಸಿಹಿ ಎಂದಾಗ ಅವನ ಮುಖ ಅರಳುತ್ತದೆ, ದೋಣಿ ಮುಳುಗುತ್ತಿಲ್ಲ. ಕುಡಿಯುವ ನೀರು ಮುಗಿಯುತ್ತಿದೆ ಎಂಬುದು ಹೊಳೆಯಲು ಒಂದೆರಡು ನಿಮಿಷ ಹಿಡಿಯುತ್ತದೆ.

ಆಮೇಲಿನದು ನಿರಾಕರಣೆಯ ಕಾಲ. ಟ್ಯಾಂಕು ಸೋರುವುದು ಸಾಧ್ಯವೇ ಇಲ್ಲ, ಹೆಂಡತಿ ಪಾತ್ರೆ ತೊಳೆಯಲು ಹೆಚ್ಚು ನೀರು ಬಳಸುತ್ತಿದ್ದಾಳೆ ಎಂದು ಒಂದು ಬೇಸಿಗೆ ಕಳೆಯುತ್ತದೆ. ಆಕೆ ವಾರಾಂತ್ಯಕ್ಕೆ ಬರುವುದನ್ನೇ ನಿಲ್ಲಿಸಿದ ಮೇಲೂ ನೀರು ಇಳಿಯುವುದರಿಂದ ಆ ಸಿದ್ಧಾಂತ ಬೀಳುತ್ತದೆ. ಮುಂದಿನ ಆರೋಪಿ ಪೈಪು. ಇದಕ್ಕೆ ಸುಲಭದ ಪರೀಕ್ಷೆಯೊಂದಿದೆ. ನಲ್ಲಿ ತೆರೆದಾಗ ಒತ್ತಡ ಇಳಿದು ತಾನಾಗಿ ಓಡುವ ಪಂಪು, ಯಾರೂ ನಲ್ಲಿ ಮುಟ್ಟದ ನಡುರಾತ್ರಿಯಲ್ಲಿ ಟರ್ ಎಂದು ಎದ್ದು ಮಲಗಿದರೆ ಪಂಪಿನ ಮುಂದಿನ ಪೈಪು ಸೋರುತ್ತಿದೆ. ಪಂಪು ಸದ್ದಿಲ್ಲದಿದ್ದೂ ಬೆಳಗಾಗುವಷ್ಟರಲ್ಲಿ ನೀರಿನ ಮಟ್ಟ ಇಳಿದಿದ್ದರೆ ತಪ್ಪು ಟ್ಯಾಂಕಿನದೇ. ಒಂದು ರಾತ್ರಿಯ ಈ ಪರೀಕ್ಷೆಗೆ ಮೊದಲು ಕಪ್ತಾನ ದೋಣಿಯ ಪೈಪುಗಳನ್ನೆಲ್ಲ ಬದಲಾಯಿಸಿ ಮುಗಿಸಿರುತ್ತಾನೆ.

ಹೊಂದಾಣಿಕೆಯ ಕಾಲವೂ ಒಂದುಂಟು. ಅದು ಎಷ್ಟು ವರ್ಷವಾದರೂ ನಡೆಯಬಹುದು. ತೂತು ಟ್ಯಾಂಕಿನ ಪಕ್ಕದ ಗೋಡೆಯಲ್ಲಿದ್ದರೆ ನೀರು ಅಲ್ಲಿಯವರೆಗೆ ಇಳಿದು ನಿಲ್ಲುತ್ತದೆ. ಅರ್ಧ ಟ್ಯಾಂಕು ಸೋರುವುದಿಲ್ಲ! ಹಾಗಾದರೆ ಅರ್ಧವೇ ತುಂಬಿಸಿದರಾಯಿತು ಎಂದು ಕಪ್ತಾನ ಕಂಡುಕೊಳ್ಳುತ್ತಾನೆ. ಆದರೆ ಹಾಯಿಗೆ ಗಾಳಿ ಹಿಡಿದ ದೋಣಿ ಒಂದು ಮಗ್ಗುಲಿಗೆ ವಾಲುತ್ತದೆ. ಎಡಕ್ಕೆ ವಾಲಿದಾಗ ತೂತು ನೀರಿನ ಮೇಲೆ, ಬಲಕ್ಕೆ ವಾಲಿದಾಗ ಕೆಳಗೆ. ಹೀಗಾಗಿ ಅವನ ಪ್ರಯಾಣಗಳ ದಿಕ್ಕನ್ನು ಕೆಲಕಾಲ ಗಾಳಿಯ ಜೊತೆಗೆ ತೂತೂ ನಿರ್ಧರಿಸುತ್ತದೆ.

ಕೊನೆಗೆ ಒಂದು ಅಕ್ಟೋಬರಿನಲ್ಲಿ ದೋಣಿಯನ್ನು ಕ್ರೇನಿನಿಂದೆತ್ತಿ, ಸುತ್ತ ಆನಿಕೆ ಕೊಟ್ಟು ನಿಲ್ಲಿಸಿದ ಮೇಲೆ ರಿಪೇರಿ ಶುರು. ಯಾರ್ಡಿನ ವೆಲ್ಡರ್ ಬಂದು ನೋಡಿ ಒಂದು ಮೊತ್ತ ಹೇಳುತ್ತಾನೆ. ಮೊತ್ತ ನ್ಯಾಯವಾದದ್ದೇ. ಆದರೂ ಕಪ್ತಾನ ಒಪ್ಪುವುದಿಲ್ಲ. ಆಳು ಮಾಡಿದ್ದು ಹಾಳು, ಮಗ ಮಾಡಿದ್ದು ಮಧ್ಯಮ, ತಾನು ಮಾಡಿದ್ದು ಉತ್ತಮ ಎಂಬ ನಮ್ಮ ಗಾದೆಯನ್ನು ಅವನು ಕೇಳಿಲ್ಲ, ಆದರೆ ಅದರಂತೆ ಬದುಕುವವರಲ್ಲಿ ಮೊದಲಿಗ. ಅವನ ಮಗ ಈ ಕಾರಣಕ್ಕೇ ಬೇರೆ ಊರಲ್ಲಿ ನೆಲೆಸಿದ್ದಾನೆ. ಬೇರೆಯವನು ಸರಿಮಾಡಿಕೊಟ್ಟ ಟ್ಯಾಂಕು ಕಪ್ತಾನನ ದೃಷ್ಟಿಯಲ್ಲಿ ಬಾಡಿಗೆ ಟ್ಯಾಂಕು. ತೂತು ಅವನದು, ಅದನ್ನು ಮುಚ್ಚುವ ಹಕ್ಕೂ ಅವನದೇ.

ಟ್ಯಾಂಕನ್ನು ತಲುಪುವುದೇ ಮುಖ್ಯ ಕೆಲಸ, ಮಿಕ್ಕಿದ್ದೆಲ್ಲ ಅದರ ಬಾಲ. ಇದು ಅರ್ಥವಾಗಬೇಕಾದರೆ ದೋಣಿ ಕಟ್ಟುವ ಕ್ರಮ ತಿಳಿದಿರಬೇಕು. ಕಾರ್ಖಾನೆಯಲ್ಲಿ ಮೊದಲು ಬಾಣಲೆಯಂಥ ತಳಭಾಗ ತಯಾರಾಗುತ್ತದೆ. ಅದರೊಳಗೆ ಟ್ಯಾಂಕು ಇಟ್ಟು, ಮೇಲೆ ನೆಲ, ಮಂಚ, ಮೇಜು, ಬೀರು ಕಟ್ಟುತ್ತಾರೆ. ಎಲ್ಲ ಮುಗಿದ ಮೇಲೆ ಕೊಪ್ಪರಿಗೆಗೆ ಮುಚ್ಚಳವಿಟ್ಟಂತೆ ಮೇಲ್ಭಾಗ ಕೂರಿಸಿ ಬಿಗಿಯುತ್ತಾರೆ. ಬಾಗಿಲು ಹುಟ್ಟುವ ಮೊದಲೇ ಟ್ಯಾಂಕು ಒಳಗೆ ಸೇರಿರುತ್ತದೆ. ಕಪ್ತಾನನ ದೋಣಿಯಲ್ಲಿ ಟ್ಯಾಂಕಿನ ಅತಿ ಕಿರಿಯ ಅಳತೆ 60 ಸೆಂಟಿಮೀಟರು, ಬಾಗಿಲಿನ ಅಗಲ 55. ಈ ಐದು ಸೆಂಟಿಮೀಟರನ್ನು ಅವನು ಮೂರು ಚಳಿಗಾಲ ಅಳೆಯುತ್ತಾನೆ. ಪ್ರತಿ ಸಲವೂ ಐದೇ ಬರುತ್ತದೆ.

ಆದ್ದರಿಂದ ಮೊದಲ ಪ್ರಯತ್ನ ಟ್ಯಾಂಕನ್ನು ಇದ್ದಲ್ಲೇ ರಿಪೇರಿ ಮಾಡುವುದು. ಮೇಜು ಕಳಚಿ, ನೆಲಹಲಗೆ ಎಬ್ಬಿಸಿ, ಟ್ಯಾಂಕಿನ ನೆತ್ತಿಯಲ್ಲಿ ಕೈ ತೂರುವಷ್ಟು ದುಂಡನೆಯ ಕಿಂಡಿ ಕೊರೆಯುತ್ತಾನೆ. ಟ್ಯಾಂಕಿನೊಳಗೆ ನೀರು ಅತ್ತಿತ್ತ ಅಪ್ಪಳಿಸದಂತೆ ಅಡ್ಡತಗಡುಗಳಿರುತ್ತವೆ. ಕೈ ಒಂದು ಕೋಣೆಯಿಂದ ಮತ್ತೊಂದಕ್ಕೆ ಹೋಗದು. ಆದಕಾರಣ ಎರಡನೆಯ ಕಿಂಡಿ, ಆಮೇಲೆ ಮೂರನೆಯದು. ಪ್ರತಿಯೊಂದು ಕಿಂಡಿಗೂ ಒಂದು ಮುಚ್ಚಳ, ಒಂದು ರಬ್ಬರ್ ಬಳೆ, ಎಂಟು ತಿರುಪು. ಒಂದು ತೂತು ಮುಚ್ಚಲು ಹೊರಟ ಟ್ಯಾಂಕಿನಲ್ಲಿ ಈಗ ಸೋರಲು ಅವಕಾಶವಿರುವ ಸ್ಥಳಗಳು ಇಪ್ಪತ್ತೆಂಟು. ಒಳಗೆ ಕುಡಿಯುವ ನೀರಿಗೆ ತಕ್ಕ ಎಪಾಕ್ಸಿ ಬಳಿದರೆ ಅದು ಕೆಲಕಾಲ ಹಿಡಿಯುತ್ತದೆ, ಪಕ್ಕದಲ್ಲೇ ಇನ್ನೊಂದು ಕುಳಿ ತೂತಾಗುವವರೆಗೆ.

ಯಾರ್ಡಿನಲ್ಲಿ ಸಲಹೆಗೆ ಬರವಿಲ್ಲ. ಅಕ್ಕಪಕ್ಕದ ದೋಣಿಗಳಿಂದ ಇದೇ ಜಾತಿಯ ಮೂವರು ಚಹಾದ ಲೋಟ ಹಿಡಿದು ಬಂದು ತಗ್ಗಿನೊಳಗೆ ಬಗ್ಗಿ ನೋಡುತ್ತಾರೆ. ಮೂವರಿಂದ ಐದು ಅಭಿಪ್ರಾಯ ಬರುತ್ತವೆ. ಪ್ಲಾಸ್ಟಿಕ್ ಟ್ಯಾಂಕು ಹಾಕಬೇಕಿತ್ತು ಎಂದು ಒಬ್ಬ. ಪಾಲಿಥಿನ್ನಿಗೆ ಯಾವ ಅಂಟೂ ಗಟ್ಟಿಯಾಗಿ ಹಿಡಿಯುವುದಿಲ್ಲ, ಬಿರಿದರೆ ಕಾಯಿಸಿ ಬೆಸೆಯಬೇಕು ಎಂಬುದನ್ನು ಅವನು ತನ್ನದರಲ್ಲೇ ಕಲಿತಿರುತ್ತಾನೆ, ಹೇಳುವುದಿಲ್ಲ. ಮಡಚಿ ತೂರಿಸಬಹುದಾದ ರಬ್ಬರಿನಂಥ ಚೀಲ ಇಡು ಎಂದು ಇನ್ನೊಬ್ಬ. ಕಪ್ತಾನ ಅದನ್ನೂ ತಂದು ಒಂದು ಋತು ನೋಡುತ್ತಾನೆ. ದೋಣಿ ಹೊರಳಿದಂತೆ ಚೀಲವೂ ಹೊರಳಿ ಮರದಂಚಿಗೆ ಉಜ್ಜಿ ಸವೆಯುತ್ತದೆ. ಅದಕ್ಕೂ ಮೊದಲೇ ಚಹಾಕ್ಕೆ ಹೊಸ ಚಪ್ಪಲಿಯ ವಾಸನೆ ಬಂದಿರುತ್ತದೆ. ಇಂಗ್ಲಿಷರು ಬಹಳವನ್ನು ಸಹಿಸಿಕೊಳ್ಳುವ ಜನ, ಆದರೆ ಚಹಾದ ವಿಷಯದಲ್ಲಿ ಅಲ್ಲ. ಚೀಲ ಹೊರಬೀಳುತ್ತದೆ.

ಈ ಹಂತದಲ್ಲಿ ಕುಟುಂಬದೊಳಗೆ ಒಂದು ಪ್ರಶ್ನೆ ಏಳುತ್ತದೆ. ಕಳೆದೆರಡು ಬೇಸಿಗೆ ಹತ್ತು ಲೀಟರಿನ ಕ್ಯಾನುಗಳಲ್ಲಿ ನೀರು ತಂದು ಯಾವ ತೊಂದರೆಯೂ ಇಲ್ಲದೆ ನಡೆದಿದೆಯಲ್ಲ, ಟ್ಯಾಂಕು ಬೇಕೇ ಎಂದು ಹೆಂಡತಿ ಕೇಳುತ್ತಾಳೆ. ಉತ್ತರವಾಗಿ ಕಪ್ತಾನ ರಾಬಿನ್ ನಾಕ್ಸ್-ಜಾನ್‌ಸ್ಟನ್ ಕಥೆ ತೆಗೆಯುತ್ತಾನೆ. ಈ ನಾವಿಕ 1968ರ ಜೂನ್ 14ರಂದು ಫಾಲ್ಮತ್‌ನಿಂದ ಒಬ್ಬನೇ ಹೊರಟು, ಎಲ್ಲಿಯೂ ನಿಲ್ಲದೆ ಭೂಮಿ ಸುತ್ತಿ, 1969ರ ಏಪ್ರಿಲ್ 22ರಂದು ಅಲ್ಲಿಗೇ ಮರಳಿದ. ಹಾಗೆ ಸುತ್ತಿದವರಲ್ಲಿ ಮೊದಲಿಗ. ಅವನ ‘ಸುಹೈಲಿ’ ನಮ್ಮ ಬೊಂಬಾಯಿಯಲ್ಲಿ ತೇಗದ ಮರದಿಂದ ಕಟ್ಟಿದ ಮೂವತ್ತೆರಡು ಅಡಿಯ ದೋಣಿ. ದಕ್ಷಿಣ ಸಾಗರದಲ್ಲಿ ಅದರ ಟ್ಯಾಂಕಿನ ನೀರು ಕೆಟ್ಟುಹೋಗಿ, ಹಾಯಿಯಿಂದ ಇಳಿವ ಮಳೆನೀರು ಹಿಡಿದು ಅವನು ಮುಂದುವರಿದ. ಟ್ಯಾಂಕು ಎಷ್ಟು ಮುಖ್ಯ ಎಂಬುದಕ್ಕೆ ಕಪ್ತಾನ ಈ ನಿದರ್ಶನ ಕೊಡುತ್ತಾನೆ. ಟ್ಯಾಂಕಿಲ್ಲದೆಯೂ ಲೋಕ ಸುತ್ತಬಹುದು ಎಂಬುದಕ್ಕೂ ಅದೇ ನಿದರ್ಶನ ಎಂದು ಹೆಂಡತಿಗೆ ಕಾಣುತ್ತದೆ. ಕಪ್ತಾನನ ಅತಿ ದೀರ್ಘ ಯಾನವೆಂದರೆ ಲಿಮಿಂಗ್ಟನ್ನಿನಿಂದ ಎದುರಿನ ವೈಟ್ ದ್ವೀಪದ ಯಾರ್ಮತ್‌ಗೆ. ಫೆರಿಯಲ್ಲಿ ಹೋದರೆ ನಲವತ್ತು ನಿಮಿಷ. ಅಲ್ಲಿನ ಬಂದರುಕಟ್ಟೆಯಲ್ಲಿ ನಲ್ಲಿ ಇದೆ.

ಮೂರನೆಯ ಚಳಿಗಾಲದಲ್ಲಿ ಟ್ಯಾಂಕನ್ನು ತುಂಡರಿಸಿ ಹೊರತೆಗೆಯುವ ನಿರ್ಧಾರವಾಗುತ್ತದೆ. ಗ್ರೈಂಡರಿನ ಕಿಡಿ ಮೆತ್ತೆಗೆ ಹತ್ತದಂತೆ ಒದ್ದೆ ಗೋಣಿಚೀಲ ಹಾಸಿ, ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇಟ್ಟುಕೊಂಡು, ಎರಡು ಮಿಲಿಮೀಟರ್ ದಪ್ಪದ ತಗಡನ್ನು ಎರಡು ದಿನ ಕುಯ್ಯುತ್ತಾನೆ. ಸ್ಟೀಲಿನ ನುಣ್ಣನೆಯ ಪುಡಿ ದೋಣಿಯ ಮೂಲೆಮೂಲೆಗೂ ಹಾರಿ ಕೂರುತ್ತದೆ. ಒಂದೇ ವಾರದಲ್ಲಿ ಬಿಳಿಯ ಫೈಬರ್‌ಗ್ಲಾಸಿನ ಮೇಲೆಲ್ಲ ಕಂದು ಚುಕ್ಕೆ ಮೂಡುತ್ತದೆ. ತುಕ್ಕು ಹಿಡಿಯದ ಸ್ಟೀಲು ಅಂತೂ ತುಕ್ಕು ಹಿಡಿದು ತೋರಿಸುತ್ತದೆ.

ಹೊಸ ಟ್ಯಾಂಕಿಗೆ ರಟ್ಟಿನ ಮಾದರಿ ಮಾಡುವುದು ಒಳ್ಳೆಯ ಪದ್ಧತಿ. ಫ್ರಿಜ್ಜಿನ ಪೆಟ್ಟಿಗೆ ಕತ್ತರಿಸಿ, ಖಾಲಿ ಗುಂಡಿಯ ಓರೆಕೋರೆಗೆ ಸರಿಯಾಗಿ, ಅಂಟುಪಟ್ಟಿ ಹಚ್ಚಿ ಕಪ್ತಾನ ಮಾಡುವ ಮಾದರಿ ಅವನ ಜೀವಮಾನದ ಶ್ರೇಷ್ಠ ಕೃತಿ. ಮಿಲಿಮೀಟರ್ ಸಂದಿಲ್ಲದೆ ಕೂರುತ್ತದೆ. ನೆತ್ತಿಯ ಮೇಲೆ ಪೈಪು ಜೋಡಿಸಲು ಬೇಕಾದ ಐದು ಸೆಂಟಿಮೀಟರ್ ಎತ್ತರ ಮಾತ್ರ ಲೆಕ್ಕದಲ್ಲಿರುವುದಿಲ್ಲ. ರಟ್ಟು ಬಾಗಿಲಲ್ಲಿ ತೂರುವಾಗ ಬಾಗುತ್ತದೆ, ಸ್ಟೀಲು ಬಾಗದು ಎಂಬುದೂ ಹೊಳೆದಿರುವುದಿಲ್ಲ. ಅದನ್ನು ಹೆಂಡತಿ ಹೇಳುತ್ತಾಳೆ. ಹೀಗೆ ಒಂದರ ಬದಲು ಎರಡು ಚಿಕ್ಕ ಟ್ಯಾಂಕು ಎಂಬ ಯೋಜನೆ ಹುಟ್ಟಿ, ಮರುದಿನದಿಂದ ಕಪ್ತಾನನ ಯೋಜನೆಯೆಂದು ಹೆಸರಾಗುತ್ತದೆ. 250 ಲೀಟರಿನ ಜಾಗದಲ್ಲಿ ನೂರರ ಎರಡು. ಉಳಿದ ಸಂದಿನಲ್ಲಿ ಎಂಟು ಬಾಟಲಿ ವೈನು. ಇದು ನಿಜಕ್ಕೂ ಉತ್ತಮ ವ್ಯವಸ್ಥೆ. ಒಂದು ಸೋರಿದರೂ ಇನ್ನೊಂದರಲ್ಲಿ ನೀರಿರುತ್ತದೆ. ವೆಲ್ಡರ್ ಮೂರು ವರ್ಷದ ಹಿಂದೆ ಹೇಳಿದ್ದೂ ಇದನ್ನೇ. ಟ್ಯಾಂಕುಗಳನ್ನು ಬೆಸೆದುಕೊಡುವವನೂ ಅವನೇ, ಈಗಿನ ದರದಲ್ಲಿ.

ಕೂರಿಸುವ ಮೊದಲು ಒತ್ತಡದ ಪರೀಕ್ಷೆ ಆಗಬೇಕು. ಬಾಯಿಗಳನ್ನೆಲ್ಲ ಬಿಗಿದು, ಒಂದಕ್ಕೆ ಪೈಪು ಜೋಡಿಸಿ ಒಂದೂವರೆ ಮೀಟರ್ ಎತ್ತರಕ್ಕೆ ನೀರು ನಿಲ್ಲಿಸಿದರೆ ಸಾಕು. ಅಷ್ಟಕ್ಕೇ ಅರವತ್ತು ಸೆಂಟಿಮೀಟರ್ ಅಗಲ, ಒಂದು ಮೀಟರ್ ಉದ್ದದ ಗೋಡೆಯ ಮೇಲೆ 900 ಕಿಲೋ ಭಾರ ಬೀಳುತ್ತದೆ. ಪೈಪು ಹಿಡಿದು ನಿಲ್ಲುವಷ್ಟು ತಾಳ್ಮೆ ಇಲ್ಲದ ಕಪ್ತಾನ ಕಾರಿನ ಚಕ್ರಕ್ಕೆ ಗಾಳಿ ತುಂಬುವ ಕಂಪ್ರೆಸರ್ ಹಚ್ಚುತ್ತಾನೆ. ಅದರ ಮುಳ್ಳು ಒಂದು ಬಾರ್ ತೋರಿಸುವ ಹೊತ್ತಿಗೆ ಅದೇ ಗೋಡೆಯ ಮೇಲೆ ಆರು ಟನ್ನು. ಟ್ಯಾಂಕು ಎಣ್ಣೆಗೆ ಬಿಟ್ಟ ಪೂರಿಯಂತೆ ಉಬ್ಬುತ್ತದೆ. ಸೋರುವುದಿಲ್ಲ, ಆದರೆ ಗುಂಡಿಯಲ್ಲಿ ಕೂರುವುದೂ ಇಲ್ಲ. ಮರದ ಸುತ್ತಿಗೆಯಿಂದ ಅದನ್ನು ಹಿಂದಕ್ಕೆ ಬಡಿಯುವ ಸದ್ದು ಯಾರ್ಡಿನ ತುಂಬ ಎರಡು ಸಂಜೆ ಕೇಳಿಸುತ್ತದೆ.

ಈ ಸಲ ತಳ ಒಣಗಿರಲೆಂದು ಕೆಳಗೆ ಪಟ್ಟಿಗಳನ್ನಿಟ್ಟು ಗಾಳಿಯಾಡಲು ಸಂದು ಬಿಡುತ್ತಾನೆ, ಅಲುಗಾಡದಂತೆ ಬೆಲ್ಟು ಬಿಗಿಯುತ್ತಾನೆ. ಇಷ್ಟು ವರ್ಷದಲ್ಲಿ ಅವನು ಕಲಿತದ್ದು ಅಷ್ಟಿಷ್ಟಲ್ಲ, ಮತ್ತು ಈ ಭಾಗದ ಕೆಲಸ ಯಾವ ವೃತ್ತಿನಿರತನಿಗೂ ಕಡಿಮೆಯಿಲ್ಲ. ನೆಲಹಲಗೆ ಮುಚ್ಚಿ, ಮೇಜು ಕೂರಿಸಿ, ಏಪ್ರಿಲ್‌ನಲ್ಲಿ ದೋಣಿ ನೀರಿಗಿಳಿಯುತ್ತದೆ. ಕಟ್ಟೆಯ ನಲ್ಲಿಯಿಂದ ಎರಡೂ ಟ್ಯಾಂಕು ತುಂಬುತ್ತವೆ. ಹೆಂಡತಿಯೂ ಬಂದಿರುತ್ತಾಳೆ. ಚಹಾಕ್ಕೆ ಚಹಾದ್ದೇ ರುಚಿ ಇರುತ್ತದೆ.

ಆ ರಾತ್ರಿ ಕಪ್ತಾನನಿಗೆ ನಿದ್ದೆ ಬರುವುದಿಲ್ಲ. ಕಿವಿಗೊಟ್ಟು ಮಲಗಿರುತ್ತಾನೆ, ಪಂಪಿನ ಸದ್ದಿಲ್ಲ. ಎರಡು ಗಂಟೆಗೆ ಎದ್ದು ಟ್ಯಾಂಕಿನ ಮಟ್ಟ ನೋಡುತ್ತಾನೆ, ಕೂದಲೆಳೆಯಷ್ಟೂ ಇಳಿದಿಲ್ಲ. ಮತ್ತೆ ಮಲಗುತ್ತಾನೆ. ನಾಲ್ಕರ ಸುಮಾರಿಗೆ ಸುಮ್ಮನೆ ಒಂದು ಹಲಗೆ ಎತ್ತಿ ಬಿಲ್ಜಿನೊಳಗೆ ಕೈ ಇಳಿಬಿಡುತ್ತಾನೆ. ಬೆರಳಿಗೆ ತಣ್ಣಗೆ ಏನೋ ತಗಲುತ್ತದೆ. ನಾಲಿಗೆಗೆ ಮುಟ್ಟಿಸಿಕೊಳ್ಳುತ್ತಾನೆ. ಉಪ್ಪು. ಹೆಂಡತಿಗೆ ಎಚ್ಚರವಾಗದಂತೆ, ಕತ್ತಲಲ್ಲೇ ತಡಕಾಡುತ್ತ, ಹಣೆಯ ದೀಪ ಹುಡುಕತೊಡಗುತ್ತಾನೆ.