ಕಾದು ಕಾಯುವ ಚೀಸು

ಕನ್ನಡದ 'ಕಾಯು' ಎಂಬ ಕ್ರಿಯಾಪದದಷ್ಟು ದುಡಿಯುವ ಪದ ಅಪರೂಪ. ಹಾಲು ಕಾಯುತ್ತದೆ; ಅದು ಉಕ್ಕದಂತೆ ಒಬ್ಬರು ಕಾಯುತ್ತಾರೆ; ಆ ಹಾಲಿನ ಕಾಫಿಗಾಗಿ ಹಜಾರದಲ್ಲಿ ನಾಲ್ವರು ಕಾಯುತ್ತಾರೆ. ಬಿಸಿಯಾಗುವುದು, ಕಾವಲಿರುವುದು, ದಾರಿ ನೋಡುವುದು ಮೂರಕ್ಕೂ ಇದೊಂದೇ ಪದ ಸಾಕು. ಇಂಗ್ಲಿಷಿನಲ್ಲಿ ಈ ಅನುಕೂಲ ಇಲ್ಲದ ಅಮೆರಿಕನ್ನರು ಮೂರನ್ನೂ ಒಟ್ಟಿಗೆ ಮಾಡುವ ಒಂದು ಪಾತ್ರೆಯನ್ನೇ ಮಾಡಿಕೊಂಡು, ಅದಕ್ಕೆ ಸ್ಲೋ ಕುಕರ್ ಎಂಬ ನೀರಸ ಹೆಸರಿಟ್ಟರು. ನವೆಂಬರಿನ ಥ್ಯಾಂಕ್ಸ್‌ಗಿವಿಂಗ್‌ನಿಂದ ಕ್ರಿಸ್ಮಸ್, ಹೊಸವರ್ಷಗಳನ್ನು ದಾಟಿ ಫೆಬ್ರವರಿಯ ಸೂಪರ್ ಬೌಲ್ ಎಂಬ ಫುಟ್‌ಬಾಲ್ ಪಂದ್ಯದವರೆಗೆ ಆ ದೇಶದಲ್ಲಿ ನಾಲ್ಕು ಜನ ಸೇರಿದ ಕಡೆಯೆಲ್ಲ ಒಂದು ಮೂಲೆಯಲ್ಲಿ ಈ ಪಾತ್ರೆ, ಅದರೊಳಗೆ ಚೀಸಿನ ಹಳದಿ ಡಿಪ್, ಪಕ್ಕದಲ್ಲಿ ಅದ್ದಿ ತಿನ್ನಲು ಮೆಕ್ಕೆಜೋಳದ ಚಿಪ್ಸು. ಅಡುಗೆ ಬಲ್ಲವರು ಇದನ್ನು ಕಂಡು ಮೂಗು ಮುರಿಯುವುದುಂಟು. ಅವರು ಪರೀಕ್ಷೆಯನ್ನು ತಪ್ಪು ಹೊತ್ತಿನಲ್ಲಿ ನಡೆಸುತ್ತಾರೆ ಎಂಬುದು ನನ್ನ ತಕರಾರು. ಈ ಡಿಪ್ಪನ್ನು ಮೊದಲ ಚಿಪ್ಸಿನಲ್ಲಿ ಅಳೆಯಬಾರದು, ಮೂರನೆಯ ಗಂಟೆಯ ಚಿಪ್ಸಿನಲ್ಲಿ ಅಳೆಯಬೇಕು.

ಏಕೆಂದರೆ ಪಾರ್ಟಿ ಎಂದರೆ ಪಂಕ್ತಿಯಲ್ಲ. ಪಂಕ್ತಿಯಲ್ಲಿ ಎಲೆ ಹಾಕಿದ ಮೇಲೆ ಎಲ್ಲರೂ ಒಟ್ಟಿಗೆ ಕೂರುತ್ತಾರೆ, ಸಾರು ಬಿಸಿಬಿಸಿಯಾಗಿ ಬಂದು ಹೋಗುತ್ತದೆ. ಪಾರ್ಟಿಗೆ ಐದು ಗಂಟೆಗೆ ಕರೆದರೆ ಒಬ್ಬರು ಐದಕ್ಕೇ ಬಂದು ಆತಿಥೇಯರನ್ನು ಮುಜುಗರಕ್ಕೆ ಈಡುಮಾಡುತ್ತಾರೆ, ಇನ್ನೊಬ್ಬರು ಏಳೂವರೆಗೆ ಬಂದು 'ಬೇಗ ಬಂದೆವೇನೋ' ಎನ್ನುತ್ತಾರೆ. ಅಮೆರಿಕದ ಕನ್ನಡ ಕೂಟಗಳಲ್ಲಿ ಎರಡನೆಯ ಪಂಗಡಕ್ಕೆ ಯಾವತ್ತೂ ಬಹುಮತ. ಇಂಥ ಸಭೆಗೆ ಬೇಕಾದದ್ದು ರುಚಿಯ ಶಿಖರವಲ್ಲ, ತಾಳ್ಮೆ. ಈ ಪಾತ್ರೆ ಹುಟ್ಟಿದ್ದೇ ತಾಳ್ಮೆಯ ಕಥೆಯಿಂದ. ಯೆಹೂದ್ಯರು ಶುಕ್ರವಾರ ಸೂರ್ಯ ಮುಳುಗಿದ ಮೇಲೆ ಶನಿವಾರ ಕತ್ತಲಾಗುವವರೆಗೆ ಬೆಂಕಿ ಹೊತ್ತಿಸುವಂತಿಲ್ಲ. ಆದ್ದರಿಂದ ಲಿಥುವೇನಿಯಾದ ಮನೆಗಳವರು ಕಾಳು, ಮಾಂಸ, ಗಡ್ಡೆ ತುಂಬಿದ ಚೋಲೆಂಟ್ ಪಾತ್ರೆಯನ್ನು ಬ್ರೆಡ್ ಸುಡುವವನ ಆರುತ್ತಿರುವ ಒಲೆಯೊಳಗೆ ಇಟ್ಟುಬಂದು ಮರುದಿನ ತಂದುಕೊಳ್ಳುತ್ತಿದ್ದರು. ಈ ಸಂಗತಿಯನ್ನು ತಾಯಿಯಿಂದ ಕೇಳಿದ ಅಮೆರಿಕದ ಎಂಜಿನಿಯರ್ ಅರ್ವಿಂಗ್ ನ್ಯಾಕ್ಸನ್ 1940ರಲ್ಲಿ ವಿದ್ಯುತ್ತಿನ ನಿಧಾನ ಪಾತ್ರೆಗೆ ಪೇಟೆಂಟ್ ಪಡೆದ. 1970ರಲ್ಲಿ ಕ್ಯಾನ್ಸಸ್ ಸಿಟಿಯ ರೈವಲ್ ಕಂಪನಿ ಅವನ ಉದ್ಯಮವನ್ನು ಕೊಂಡುಕೊಂಡಿತು, ಮರುವರ್ಷ ಅದೇ ಪಾತ್ರೆ ಕ್ರಾಕ್‌ಪಾಟ್ ಎಂಬ ಹೆಸರಿನಲ್ಲಿ ಮನೆಮನೆಗೆ ಹೊರಟಿತು. ಅಗ್ಗಿಷ್ಟಿಕೆಯ ಕೆಂಡದ ಮೇಲೆ ಬೆಳಗಿನಿಂದ ಸಂಜೆಯವರೆಗೆ ಹಾಲು ಕೆನೆಗಟ್ಟುವುದನ್ನು ಬಲ್ಲ ನಾಡಿನವರಿಗೆ ಇದರಲ್ಲಿ ಹೊಸದೇನೂ ಇಲ್ಲ. ಕೆಂಡದ ಬದಲು ತಂತಿ, ಅಷ್ಟೆ.

ದೊಡ್ಡ ಆಕ್ಷೇಪ ಪಾತ್ರೆಯ ಮೇಲಿನದಲ್ಲ, ಒಳಗಿನದರ ಮೇಲಿನದು. ಅತಿ ಪ್ರಸಿದ್ಧ ಡಿಪ್ಪಿನ ವಿಧಾನ ಇಷ್ಟೇ: ವೆಲ್ವೀಟಾ ಎಂಬ ಹಳದಿ ಇಟ್ಟಿಗೆಯ ಸುಮಾರು 450 ಗ್ರಾಂ ತುಂಡುಮಾಡಿ ಹಾಕು, ಟೊಮೇಟೊ ಮತ್ತು ಹಸಿಮೆಣಸಿನಕಾಯಿ ತುಂಬಿದ ರೊಟೆಲ್ ಡಬ್ಬಿಯೊಂದನ್ನು ಸುರಿ, ಆಗಾಗ ಕಲಕು. ಇದನ್ನು ಅಡುಗೆ ಎನ್ನುವುದಾದರೆ ಉಪ್ಪಿನಕಾಯಿ ಭರಣಿಯ ಮುಚ್ಚಳ ತೆಗೆಯುವುದೂ ಅಡುಗೆಯೇ, ಒಪ್ಪಿದೆ. ಅದಕ್ಕಿಂತ ಗಂಭೀರವಾದ ಆರೋಪ, 'ಇದು ಚೀಸೇ ಅಲ್ಲ' ಎಂಬುದು. ಕಾನೂನು ಕೂಡ ಆರೋಪಿಸುವವರ ಪಕ್ಷದಲ್ಲಿದೆ. 2002ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಎಚ್ಚರಿಕೆ ಪತ್ರ ಬರೆದ ಮೇಲೆ ಆ ಇಟ್ಟಿಗೆ ತನ್ನನ್ನು ಸಂಸ್ಕರಿಸಿ ಸಿದ್ಧಪಡಿಸಿದ ಚೀಸ್ ಉತ್ಪನ್ನ ಎಂದು ಉದ್ದುದ್ದವಾಗಿ ಕರೆದುಕೊಳ್ಳುತ್ತಿದೆ. (ಚೀಸಿಗೆ ನಮ್ಮ ನಿಘಂಟುಗಳು 'ಗಿಣ್ಣು' ಎಂಬ ಅರ್ಥ ಕೊಟ್ಟು, ಎಳೆಗರುವಿನ ಮನೆಯ ಆ ಸಿಹಿತಿಂಡಿಯನ್ನು ಸ್ವಿಟ್ಜರ್ಲೆಂಡಿಗೆ ಕಳಿಸಿಬಿಟ್ಟಿವೆ. ಹೆಸರಿನ ವಿಷಯದಲ್ಲಿ ನಾವೂ ಸಾಚಾಗಳಲ್ಲ.)

ಹಾಗಾದರೆ ಒಂದೆರಡು ವರ್ಷ ಮಾಗಿದ, ಒಳ್ಳೆಯ ಮನೆತನದ ಚೆಡ್ಡರ್ ಚೀಸನ್ನೇ ಪಾತ್ರೆಗೆ ಹಾಕಿ ನೋಡೋಣ. ಚೀಸಿನಲ್ಲಿ ಕೇಸೀನ್ ಎಂಬ ಹಾಲಿನ ಪ್ರೋಟೀನು ಇಟ್ಟಿಗೆಯಾದರೆ ಕ್ಯಾಲ್ಸಿಯಂ ಗಾರೆ. ನಡುವಿನ ಸಂದುಗೊಂದುಗಳಲ್ಲಿ ಕೊಬ್ಬು. ಕಾವು ಏರುತ್ತಲೇ ಕೊಬ್ಬು ಕರಗಿ ಹೊರಗೆ ಹರಿಯುತ್ತದೆ, ಪ್ರೋಟೀನುಗಳು ಒಂದನ್ನೊಂದು ಬಿಗಿಯಾಗಿ ತಬ್ಬಿಕೊಳ್ಳುತ್ತವೆ. ಮೊದಲ ಗಂಟೆಗೆ ಮುಂಚೆಯೇ ಮೇಲೊಂದು ಎಣ್ಣೆಯ ಕೊಳ, ತಳದಲ್ಲೊಂದು ರಬ್ಬರಿನ ಉಂಡೆ. ಏಳೂವರೆಯ ಅತಿಥಿಗೆ ಚಿಪ್ಸು ಸಾಲದು, ಕತ್ತಿ ಬೇಕು. ವೆಲ್ವೀಟಾದಂಥ ಸಂಸ್ಕರಿತ ಚೀಸಿನಲ್ಲಿರುವ ಸೋಡಿಯಂ ಸಿಟ್ರೇಟ್ ಎಂಬ ಲವಣ ಈ ಗಾರೆಯನ್ನೇ ಕಿತ್ತುಕೊಳ್ಳುತ್ತದೆ. ಕ್ಯಾಲ್ಸಿಯಂ ಕಳಚಿಕೊಂಡ ಕೇಸೀನ್ ಸಡಿಲಗೊಂಡು ಒಂದು ಕೈಯಲ್ಲಿ ನೀರನ್ನೂ ಇನ್ನೊಂದರಲ್ಲಿ ಕೊಬ್ಬನ್ನೂ ಹಿಡಿದು, ಕೂಡುಕುಟುಂಬದ ಹಿರಿಸೊಸೆಯಂತೆ ಗಂಟೆಗಟ್ಟಲೆ ಯಾರೂ ಮನೆ ಬಿಟ್ಟು ಹೋಗದಂತೆ ನಿಭಾಯಿಸುತ್ತದೆ. ಇದನ್ನು ಅಮೆರಿಕನ್ ಸೋಮಾರಿತನದ ಫಲ ಎನ್ನುವವರು 1911ನ್ನು ನೆನೆಯಬೇಕು. ಈ ಉಪಾಯವನ್ನು ಮೊದಲು ಹೂಡಿದವರು ಚೀಸಿನ ತವರಾದ ಸ್ವಿಟ್ಜರ್ಲೆಂಡಿನ ಥೂನ್ ಪಟ್ಟಣದ ವಾಲ್ಟರ್ ಗರ್ಬರ್ ಮತ್ತು ಫ್ರಿಟ್ಸ್ ಸ್ಟೆಟ್ಲರ್. ಜೇಮ್ಸ್ ಕ್ರಾಫ್ಟ್ ಸಂಸ್ಕರಿತ ಚೀಸಿಗೆ ಅಮೆರಿಕದಲ್ಲಿ ಪೇಟೆಂಟ್ ಪಡೆದದ್ದು 1916ರಲ್ಲಿ. ನ್ಯೂಯಾರ್ಕ್ ರಾಜ್ಯದ ಮನ್ರೋ ಊರಿನಲ್ಲಿ ಎಮಿಲ್ ಫ್ರೇ 1918ರಲ್ಲಿ ವೆಲ್ವೀಟಾ ಮಾಡಿದ, ಅವನೂ ಸ್ವಿಸ್ ಮೂಲದವನೇ. ರಾಸಾಯನಿಕ ಎಂಬ ಪದಕ್ಕೆ ಬೆಚ್ಚುವವರಿಗೆ ಇನ್ನೊಂದು ಮಾತು: ಹೊಟ್ಟೆ ಕೆಟ್ಟಾಗ ಕುಡಿಸುವ ಒಆರ್‌ಎಸ್ ದ್ರಾವಣದ ಲೀಟರೊಂದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಹೇಳುವುದು ಇದೇ ಸಿಟ್ರೇಟಿನ 2.9 ಗ್ರಾಂ. ಪಾರ್ಟಿಯಲ್ಲಿ ಅತಿಯಾಗಿ ತಿಂದವರಿಗೆ ಮರುದಿನವೂ ಅದೇ ಲವಣ ಉಪಚಾರ ಮಾಡುತ್ತದೆ.

ಬ್ರೆಡ್ ಅದ್ದಿ ತಿನ್ನುವ ಸ್ವಿಸ್ ಫಾಂಡ್ಯೂ ಇದೆಯಲ್ಲ, ಅದು ಅಸಲಿ ಚೀಸಿನದೇ ತಾನೆ, ಅದೇಕೆ ಒಡೆಯುವುದಿಲ್ಲ ಎಂದು ಕೇಳಬಹುದು. ಒಳ್ಳೆಯ ಪ್ರಶ್ನೆ. ಅದರಲ್ಲಿ ವೈನಿನ ಹುಳಿ ಅದೇ ಕ್ಯಾಲ್ಸಿಯಂ ಕಸಿಯುವ ಕೆಲಸವನ್ನು ಕೊಂಚ ಗೌರವಾನ್ವಿತವಾಗಿ ಮಾಡುತ್ತದೆ, ಹಿಟ್ಟು ಜೊತೆಗೂಡುತ್ತದೆ. ಆದರೆ ಫಾಂಡ್ಯೂ ತಿನ್ನುವವರು ಪಾತ್ರೆಯ ಸುತ್ತ ಕುರ್ಚಿ ಹಾಕಿ ಕೂತು, ಒಂದೇ ಸಮನೆ ಕಲಕುತ್ತ, ಅಲ್ಲೇ ಮುಗಿಸಿ ಏಳುತ್ತಾರೆ. ಅಲ್ಲಿ ಜನ ಚೀಸನ್ನು ಕಾಯುತ್ತಾರೆ. ಇಲ್ಲಿ ಚೀಸು ಜನರನ್ನು ಕಾಯಬೇಕು. ಒಲೆಯ ಮೇಲೆ ಹತ್ತೇ ನಿಮಿಷದಲ್ಲಿ ಆಗುವುದಕ್ಕೆ ಈ ಗಂಟೆಗಳ ಪೂಜೆ ಏಕೆ ಎಂಬ ವಾದಕ್ಕೂ ಇದೇ ಉತ್ತರ. ಕರಗಿಸುವುದು ಒಲೆಗೂ ಗೊತ್ತು. ಕರಗಿದ ಮೇಲೆ ಇಳಿಸಿಟ್ಟರೆ ಡಿಪ್ಪಿಗೆ ಚರ್ಮ ಬರುತ್ತದೆ, ಇಳಿಸದಿದ್ದರೆ ತಳ ಹಿಡಿಯುತ್ತದೆ. ಬಿಸಿ ಆಹಾರ 60 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಎರಡು ಗಂಟೆ ಮೀರಿ ಕೂರಬಾರದು ಎಂಬ ಸುರಕ್ಷತೆಯ ನಿಯಮ ಬೇರೆ ಇದೆ. ಕುಕರಿನ 'ವಾರ್ಮ್' ಗುಂಡಿ ಇರುವುದು ಆ ಗೆರೆಯ ಮೇಲೆ ನಿಲ್ಲಿಸುವುದಕ್ಕೇ. ಇಷ್ಟಾಗಿಯೂ ಸ್ವಾಭಿಮಾನ ಬಿಡದವರು ಚೆಡ್ಡರಿನ ಜೊತೆ ನಾಲ್ಕಾರು ತುಂಡು ಸಂಸ್ಕರಿತ ಚೀಸು ಬೆರೆಸಿದರೆ ಸಿಟ್ರೇಟು ಇಬ್ಬರನ್ನೂ ಸಂಭಾಳಿಸುತ್ತದೆ. ಮೊದಲೇ ತುರಿದು ಮಾರುವ ಚೀಸು ಮಾತ್ರ ಬೇಡ. ಎಳೆಗಳು ಅಂಟಿಕೊಳ್ಳದಿರಲೆಂದು ಅದಕ್ಕೆ ಪಿಷ್ಟವನ್ನೋ ಸೆಲ್ಯುಲೋಸನ್ನೋ ಹೊದಿಸಿರುತ್ತಾರೆ, ಡಿಪ್ಪು ಮರಳುಮರಳಾಗುತ್ತದೆ. ಉಪ್ಪು, ಕೊಬ್ಬು ಹೆಚ್ಚೆಂಬ ಆಕ್ಷೇಪಕ್ಕೆ ನನ್ನಲ್ಲಿ ಉತ್ತರವಿಲ್ಲ, ಅದು ನಿಜ.

ಉಳಿದದ್ದು ಎಂಜಲು. ನಮ್ಮ ಅಜ್ಜಿಯರು ಮೊದಲು ಎತ್ತಬಹುದಾಗಿದ್ದ ಈ ಆಕ್ಷೇಪವನ್ನು ಅಮೆರಿಕನ್ನರು ಕೊನೆಗೆ ಎತ್ತಿದರು, ಆ ಪದವೇ ಅವರ ಭಾಷೆಯಲ್ಲಿ ಇಲ್ಲವಲ್ಲ. ಕಚ್ಚಿದ ಚಿಪ್ಸನ್ನು ಮತ್ತೆ ಅದ್ದಬಹುದೇ ಎಂಬ ಧರ್ಮಸೂಕ್ಷ್ಮ ಅಲ್ಲಿ ಜನಜನಿತವಾದದ್ದು 1993ರಲ್ಲಿ, 'ಸೈನ್‌ಫೆಲ್ಡ್' ಎಂಬ ಹಾಸ್ಯ ಧಾರಾವಾಹಿಯ ಪಾತ್ರವೊಂದು ಸಾವಿನ ಮನೆಯ ಕೂಟದಲ್ಲಿ ಎರಡು ಸಲ ಅದ್ದಿ ಜಗಳಕ್ಕೆ ಸಿಕ್ಕಿಬಿದ್ದ ಮೇಲೆ. ದಕ್ಷಿಣ ಕ್ಯಾರೊಲೈನಾದ ಕ್ಲೆಮ್ಸನ್ ವಿಶ್ವವಿದ್ಯಾಲಯದವರು ಇದನ್ನು ಪ್ರಯೋಗಾಲಯಕ್ಕೇ ಒಯ್ದರು. ಕಚ್ಚಿ ಅದ್ದಿದರೆ ಬಾಯಿಯ ಬ್ಯಾಕ್ಟೀರಿಯಾ ಡಿಪ್ಪಿಗೆ ಇಳಿಯುವುದು ಖಚಿತವಾಯಿತು, ಆದರೆ ನೀರುನೀರಾದ ಟೊಮೇಟೊ ಸಾಲ್ಸಾಕ್ಕೆ ಇಳಿದಷ್ಟು ಗಟ್ಟಿಯಾದ ಚೀಸ್ ಡಿಪ್ಪಿಗೆ ಇಳಿಯಲಿಲ್ಲ. ತೆಳ್ಳಗಿನದು ಚಿಪ್ಸಿನಿಂದ ತೊಟ್ಟಿಕ್ಕಿ ಮರಳಿ ಪಾತ್ರೆ ಸೇರುತ್ತದೆ, ಗಟ್ಟಿಯಾದದ್ದು ಅಂಟಿಕೊಂಡು ಬಾಯಿಗೇ ಹೋಗುತ್ತದೆ. ಇಲ್ಲಿಯೂ ಆ ನಿಂದಿತ ಇಟ್ಟಿಗೆಯ ಮಾನ ಉಳಿಯಿತು. ಆದರೂ ಕಡಿಮೆ ಎಂಜಲು ಎಂದರೆ ಮಡಿ ಎಂದರ್ಥವಲ್ಲ. ಪಾತ್ರೆಯ ಪಕ್ಕದಲ್ಲಿ ಒಂದು ಸೌಟು, ಒಂದಷ್ಟು ಚಿಕ್ಕ ಬಟ್ಟಲು ಇಟ್ಟುಬಿಡಿ. ಮುಚ್ಚಳವನ್ನೂ ಹಾಕಿಡಿ, ಏಳೂವರೆಯವರು ಇನ್ನೂ ದಾರಿಯಲ್ಲಿದ್ದಾರೆ.