ನನ್ನನ್ನು ಗೋಪುರವೆಂದು ಅಂಗೀಕರಿಸಬೇಕಾಗಿ ಪ್ರಾರ್ಥನೆ

ಮೊಬೈಲ್ ಕಂಪನಿಗಳ ಅಧಿಪತಿಗಳಿಗೆ ಕೆರೆಕಟ್ಟೆಯ ಗ್ರಾಹಕನೊಬ್ಬನ ಬಹಿರಂಗ ಪತ್ರ

ಮಹನೀಯರೇ,

ಶೃಂಗೇರಿಯಿಂದ ಕಾರ್ಕಳದ ಕಡೆಗೆ ಹೊರಟು, ನೆಮ್ಮಾರನ್ನೂ ತನಿಕೋಡಿನ ಅರಣ್ಯ ತಪಾಸಣಾ ಗೇಟನ್ನೂ ಹಿಂದಿಕ್ಕಿ, 1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದ ಕುದುರೆಮುಖದ ಕಾನನವನ್ನು ಹೊಕ್ಕವನ ಕೈಯಲ್ಲಿನ ಫೋನು ಎಲ್ಲಿ ಮೌನವ್ರತವನ್ನು ಕೈಗೊಳ್ಳುವುದೋ, ಅಲ್ಲಿಯೇ ಆಸುಪಾಸಿನಲ್ಲಿ ಕೆರೆಕಟ್ಟೆಯೆಂಬ ನಮ್ಮ ಗ್ರಾಮವಿರುವುದೆಂದು ತಿಳಿಯತಕ್ಕದ್ದು. ಆಷಾಢದ ದಿನಗಳಲ್ಲಿ ಪತ್ರಿಕೆಗಳ ಮಳೆಪಟ್ಟಿಯ ಮೇಲ್ಪಂಕ್ತಿಯನ್ನಲಂಕರಿಸುವ ಈ ಊರು ತಮ್ಮ ಭೂಪಟದಲ್ಲಿ ಯಾವ ಬಣ್ಣದಿಂದ ಶೋಭಿಸುತ್ತಿದೆಯೋ ನಾನರಿಯೆ. ನಮ್ಮ ಮನೆಯ ಮಟ್ಟಿಗಂತೂ, ಗುಡ್ಡದ ನೆತ್ತಿಯ ಹಲಸಿನ ಮರದ ಬುಡದಲ್ಲಿ ಪೂರ್ವಾಭಿಮುಖವಾಗಿ ನಿಂತವನಿಗೆ ಮಾತ್ರ ‘ರೇಂಜು’ ಪ್ರಸನ್ನವಾಗುವುದು ವಾಡಿಕೆಯಾಗಿತ್ತು.

ಅಂತರ್ಜಾಲದ ಮೂಲಕ ಫೋನು ಮಾಡುವುದಕ್ಕೆ ಕೇಂದ್ರ ದೂರಸಂಪರ್ಕ ಇಲಾಖೆಯು 2018ರ ಜೂನಿನಲ್ಲಿ ದಾರಿಯನ್ನು ಸುಗಮಗೊಳಿಸಿದ ಮೇಲೆ, 2019ರ ಡಿಸೆಂಬರಿನಿಂದೀಚೆಗೆ ತಾವು ಒಬ್ಬರಾದ ಮೇಲೊಬ್ಬರು ವೈಫೈ ಕರೆಯನ್ನು ಕರುಣಿಸಿದಿರಿ. ಕಂಬದಿಂದ ಕಂಬಕ್ಕೆ, ಕಂಬವಿಲ್ಲದೆಡೆ ಮರದಿಂದ ಮರಕ್ಕೆ ಹಾಯ್ದು ಬಂದ ಬ್ರಾಡ್‌ಬ್ಯಾಂಡಿನ ತಂತುವು ನಮ್ಮ ಜಗಲಿಯ ಗೋಡೆಯನ್ನೇರಿತು. ಅಂದಿನಿಂದ ನನ್ನ ಮಾತು ಸೆಕೆಂಡಿಗೆ 50 ತುಣುಕುಗಳಾಗಿ ಕತ್ತರಿಸಲ್ಪಟ್ಟು, ಪರರಿಗೆ ತಿಳಿಯದಂತೆ ಗೂಢಲಿಪಿಯ ಮುದ್ರೆಯನ್ನು ಹೊತ್ತು, ಗೋಪುರದ ಮುಖವನ್ನೇ ಕಾಣದೆ ತಮ್ಮ ಕೇಂದ್ರವನ್ನು ಸೇರಿ, ಅಲ್ಲಿಂದ ಮುಂದೆ ಬೆಂಗಳೂರಿನ ಮಗನ ಕಿವಿಯಲ್ಲಿ ಪುನಃ ಅಪ್ಪನ ಧ್ವನಿಯಾಗುತ್ತಿದೆ. ವಿಜ್ಞಾನಕ್ಕೆ ನಮಸ್ಕಾರ, ನನ್ನ ತಕರಾರಿರುವುದು ಲೆಕ್ಕಪತ್ರದಲ್ಲಿ.

ತಾವು ಗೋಪುರವೊಂದನ್ನು ಎಬ್ಬಿಸುವಾಗ ಜಮೀನಿನ ಯಜಮಾನನಿಗೆ ಬಾಡಿಗೆ ಸಲ್ಲುತ್ತದೆ, ವಿದ್ಯುತ್ತಿನ ಬಿಲ್ಲನ್ನು ಅವನು ಕಟ್ಟಬೇಕಾಗಿಲ್ಲ, ಬ್ಯಾಟರಿಯ ಚಿಂತೆಯೂ ಅವನದಲ್ಲ. ನನ್ನ ಜಗಲಿಯ ಪುಟ್ಟ ಗೋಪುರಕ್ಕಾದರೋ ಗೋಡೆ ನನ್ನದು, ಕರೆಂಟು ನನ್ನದು, ಯುಪಿಎಸ್ಸು ನನ್ನದು, ಬ್ರಾಡ್‌ಬ್ಯಾಂಡಿನ ಮಾಸಿಕ ಕಪ್ಪ ನನ್ನದು, ಗಾಳಿಗೆ ಕೊಂಬೆ ಬಿದ್ದು ತಂತಿ ಹರಿದಾಗ ಕತ್ತಿ ಹಿಡಿದು ಹೊರಡುವ ಕಾಲಾಳೂ ನಾನೇ. ಇಷ್ಟಾದರೂ ಸಿಮ್ಮಿಗೆ ರೀಚಾರ್ಜು ಮಾಡಿಸದಿದ್ದರೆ ನನ್ನದೇ ತಂತಿಯಲ್ಲಿ ನನ್ನ ಮಾತು ಹೋಗಲೊಲ್ಲದು! ವೈಫೈ ಕರೆಗೆ ‘ಪ್ರತ್ಯೇಕ ಶುಲ್ಕವಿಲ್ಲ’ವೆಂಬ ತಮ್ಮ ಔದಾರ್ಯವು, ಅಕ್ಕಿ ಬೇಳೆ ಸೌದೆಗಳನ್ನು ಅತಿಥಿಯಿಂದಲೇ ತರಿಸಿ, ಉಡುಗೊರೆಯನ್ನೂ ಸ್ವೀಕರಿಸಿ, ಬಾಳೆಯೆಲೆಗೆ ಮಾತ್ರ ದುಡ್ಡು ಬೇಡವೆನ್ನುವ ಮದುವೆ ಮನೆಯ ಯಜಮಾನನ ಔದಾರ್ಯವನ್ನು ಹೋಲುತ್ತದೆ.

ಈ ಗೋಪುರದ ಸಾಮ್ರಾಜ್ಯದ ವಿಸ್ತೀರ್ಣವನ್ನೂ ಅವಧರಿಸಬೇಕು. ಜಗಲಿಯಲ್ಲಿ ಹುಟ್ಟಿದ ಕರೆಯು ಪಡಸಾಲೆಯಲ್ಲಿ ಪುಷ್ಟವಾಗಿ, ತುಳಸಿಕಟ್ಟೆಯ ಬಳಿ ಗದ್ಗದಿಸಿ, ಕೊಟ್ಟಿಗೆಯ ಬಾಗಿಲಿನಲ್ಲಿ ಪ್ರಾಣ ಬಿಡುತ್ತದೆ. ವೈಫೈ ಕೈಬಿಟ್ಟ ಕರೆಯನ್ನು ಗೋಪುರವು ಎತ್ತಿಕೊಳ್ಳತಕ್ಕದ್ದೆಂಬುದು ಶಾಸ್ತ್ರವಾದರೂ, ಎತ್ತಿಕೊಳ್ಳುವುದಕ್ಕೆ ಗೋಪುರವೇ ಇಲ್ಲದಲ್ಲಿ ಶಾಸ್ತ್ರವೇನು ಮಾಡೀತು? ತೋಟದಲ್ಲಿ ಕೊನೆ ತೆಗೆಯುವವನು ಮರದಿಂದ ಜಾರಿದರೆ, ಸುದ್ದಿಯನ್ನು ಹೇಳುವುದಕ್ಕೆ ಮೊದಲು ಮನೆಗೇ ಓಡಿ ಬರಬೇಕು.

ಹಿಂದಿನ ತಾಮ್ರದ ತಂತಿಯ ದೂರವಾಣಿಯು ಎಕ್ಸ್‌ಚೇಂಜಿನ 48 ವೋಲ್ಟಿನ ಬ್ಯಾಟರಿಯಿಂದಲೇ ಉಸಿರಾಡುತ್ತಿದ್ದುದರಿಂದ, ಮನೆಯ ದೀಪವಾರಿದರೂ ಮಾತು ಆರುತ್ತಿರಲಿಲ್ಲ. ಈಗಿನ ಬ್ರಾಡ್‌ಬ್ಯಾಂಡಿನ ಗಾಜಿನ ಎಳೆಯು ಬೆಳಕನ್ನು ಒಯ್ಯಬಲ್ಲುದೇ ಹೊರತು ಕರೆಂಟನ್ನು ಒಯ್ಯಲಾರದು. ಆದುದರಿಂದ ಯುಪಿಎಸ್ಸಿನ ಆಯುಷ್ಯವೆಷ್ಟೋ ನಮ್ಮ ವಾಕ್‌ಶಕ್ತಿಯ ಆಯುಷ್ಯವೂ ಅಷ್ಟೆ. ಕರೆಂಟು ಹೋಗಿದೆಯೆಂದು ದೂರು ಹೇಳುವುದಕ್ಕೂ ಕರೆಂಟು ಬರುವವರೆಗೆ ಕಾಯಬೇಕಾದ ನಮ್ಮ ಸ್ಥಿತಿಯನ್ನು ತಾವು ಪ್ರಗತಿಯೆಂದೇ ಕರೆಯುವಿರೆಂದು ಬಲ್ಲೆ.

ಆದಕಾರಣ ನನ್ನ ಪ್ರಾರ್ಥನೆಯಿಷ್ಟೆ: ನನ್ನ ಗೃಹವನ್ನು ತಮ್ಮ ಗೋಪುರಗಳ ಪಟ್ಟಿಗೆ ಸೇರಿಸಿಕೊಂಡು, ಇತರ ಗೋಪುರಗಳಿಗೆ ಸಲ್ಲುವ ಬಾಡಿಗೆ, ಬ್ಯಾಟರಿ ಮತ್ತು ಕಾವಲುಗಾರನ ಸಂಬಳಗಳನ್ನು ಮಂಜೂರು ಮಾಡುವುದು. ಅದು ಪದ್ಧತಿಗೆ ವಿರುದ್ಧವೆಂದಾದರೆ, ರೀಚಾರ್ಜಿನ ಹಣವನ್ನು ನಾನು ಯಾವ ಸೇವೆಗಾಗಿ ಸಲ್ಲಿಸುತ್ತಿದ್ದೇನೆಂಬುದನ್ನು ಒಂದೇ ವಾಕ್ಯದಲ್ಲಿ ತಿಳಿಸಿದರೂ ಸಾಕು. ಉತ್ತರವನ್ನು ಅಂಚೆಯಲ್ಲಿ ಕಳುಹಿಸುವುದು ಕ್ಷೇಮ. ಫೋನೇ ಮಾಡುವಿರಾದರೆ, ಕರೆಂಟಿರುವ ಹೊತ್ತನ್ನು ನೋಡಿಕೊಂಡು, ನಾನು ಜಗಲಿಯಲ್ಲಿ ಕರ್ತವ್ಯದ ಮೇಲಿರುವಾಗ ಮಾಡಬೇಕಾಗಿ ವಿನಂತಿ.

ಇಂತು,
ತಮ್ಮ ವಿಧೇಯ ಗೋಪುರ,
ಕೆರೆಕಟ್ಟೆ