ಪುಸ್ತಕವೇ ಚೆನ್ನಾಗಿತ್ತು ಮಾರಾಯ್ರೆ

ಕಾದಂಬರಿ ಆಧರಿಸಿದ ಸಿನಿಮಾ ಮುಗಿದು, ಥಿಯೇಟರಿನ ದೀಪ ಹತ್ತಿ, ಜನ ಕಾಲಲ್ಲೇ ತಡಕಾಡಿ ಚಪ್ಪಲಿ ಹುಡುಕಿಕೊಳ್ಳುವ ಹೊತ್ತಿಗೆ ಎಲ್ಲಿಂದಲೋ ಒಂದು ದನಿ ಬರುತ್ತದೆ: ‘ಏನೇ ಹೇಳಿ, ಪುಸ್ತಕವೇ ಚೆನ್ನಾಗಿತ್ತು.’ ಈ ಮಾತಿಗೆ ಎದುರಾಡಿದವರನ್ನು ಯಾರೂ ಕಂಡಂತಿಲ್ಲ. ಎದುರಾಡುವುದಕ್ಕೆ ಪುಸ್ತಕ ಓದಿರಬೇಕು. ಓದದವರು ಗಂಭೀರವಾಗಿ ತಲೆಯಾಡಿಸಿ ಮಾನ ಉಳಿಸಿಕೊಳ್ಳುತ್ತಾರೆ. ಓದಿದವರೋ ಅದೇ ಮಾತನ್ನು ನಾಲಗೆಯ ತುದಿಯಲ್ಲಿಟ್ಟುಕೊಂಡು ಎರಡೂವರೆ ಗಂಟೆ ಕಾದವರು. ಇನ್ನೊಬ್ಬರು ಮೊದಲೇ ಹೇಳಿಬಿಟ್ಟರಲ್ಲ ಎಂಬ ಸಂಕಟ ಅವರದು. ಹೀಗೆ ಸರ್ವಾನುಮತದಿಂದ ತೀರ್ಪು ಅಂಗೀಕಾರವಾಗಿ ಸಭೆ ಆಟೋ ಸ್ಟ್ಯಾಂಡಿನ ಕಡೆಗೆ ಚದುರುತ್ತದೆ. ಹೊಸದಾಗಿ ಮದುವೆಯಾದವನು ಹೆಂಡತಿಯ ಮುಂದೆ ‘ನಮ್ಮಮ್ಮ ಮಾಡುತ್ತಿದ್ದ ಸಾರೇ ಬೇರೆ’ ಎನ್ನುತ್ತಾನಲ್ಲ, ಇದೂ ಅದೇ ಜಾತಿಯ ಮಾತು. ಅದರಿಂದ ಸಾರಿನ ರುಚಿ ಗೊತ್ತಾಗುವುದಿಲ್ಲ. ಅವನು ಮೊದಲು ಯಾರ ಮನೆಯಲ್ಲಿ ಉಂಡ ಎಂಬುದಷ್ಟೇ ಗೊತ್ತಾಗುತ್ತದೆ.

ಈ ತೀರ್ಪಿನಲ್ಲಿ ಸಣ್ಣದೊಂದು ಮೋಸವಿದೆ. ಸಿನಿಮಾವನ್ನು ಪುಸ್ತಕದ ಪಕ್ಕದಲ್ಲಿಟ್ಟು ತೂಗುತ್ತಿದ್ದೇವೆ ಅಂದುಕೊಳ್ಳುತ್ತೇವೆ. ತಕ್ಕಡಿಯ ಆ ಕಡೆ ಕೂತಿರುವುದು ಓದುವಾಗ ನಮ್ಮ ತಲೆಯೊಳಗೆ ನಾವೇ ತೆಗೆದ ಇನ್ನೊಂದು ಸಿನಿಮಾ. ಅದರ ನಿರ್ಮಾಪಕರು, ನಿರ್ದೇಶಕರು, ಲೈಟ್‌ಬಾಯ್ ಎಲ್ಲ ನಾವೇ. ಕಾಲ್‌ಶೀಟ್ ತಕರಾರಿಲ್ಲ, ಬಜೆಟ್ಟಿನ ಚಿಂತೆಯಿಲ್ಲ, ಸೆನ್ಸಾರಿನ ಕಾಟವಂತೂ ಇಲ್ಲವೇ ಇಲ್ಲ. ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿ 1965ರಲ್ಲಿ ಬಂದು ಓದುಗರ ತಲೆಯೊಳಗೆ ನಿರಾತಂಕವಾಗಿ ಪ್ರದರ್ಶನ ಕಂಡಿತು. 1970ರಲ್ಲಿ ಪಟ್ಟಾಭಿರಾಮ ರೆಡ್ಡಿಯವರು ಅದನ್ನೇ ಸಿನಿಮಾ ಮಾಡಿದಾಗ ಮದ್ರಾಸಿನ ಸೆನ್ಸಾರ್ ಮಂಡಳಿ ತಡೆಹಿಡಿಯಿತು. ಆಮೇಲೆ ಅದೇ ಚಿತ್ರಕ್ಕೆ ರಾಷ್ಟ್ರದ ಅತ್ಯುತ್ತಮ ಚಿತ್ರವೆಂಬ ಪ್ರಶಸ್ತಿ ಬಂತು ಅನ್ನಿ. ಒಟ್ಟಿನಲ್ಲಿ ‘ಪುಸ್ತಕವೇ ಚೆನ್ನಾಗಿತ್ತು’ ಎನ್ನುವವರು ನ್ಯಾಯಾಧೀಶರ ಕುರ್ಚಿಯಲ್ಲಿ ಕೂತ ಪ್ರತಿಸ್ಪರ್ಧಿ ನಿರ್ದೇಶಕರು. ಅವರ ತೀರ್ಪು ಯಾರ ಪರವಾಗಿ ಬರುತ್ತದೆಂದು ಹೇಳಲು ಜ್ಯೋತಿಷಿ ಬೇಕಾಗಿಲ್ಲ.

ಹಾಗಂತ ನಮ್ಮ ತಲೆಯೊಳಗಿನ ಸಿನಿಮಾ ಬಹಳ ಅಚ್ಚುಕಟ್ಟೇನೂ ಅಲ್ಲ. ಶಿವರಾಮ ಕಾರಂತರು 1933ರಲ್ಲಿ ಬರೆದ ‘ಚೋಮನ ದುಡಿ’ಯನ್ನೇ ನೋಡಿ. ಸಿಟ್ಟು ಬಂದರೂ ದುಃಖ ಬಂದರೂ ಚೋಮನ ಕೈ ಹೋಗುವುದು ದುಡಿಗೆ. ಆ ಸದ್ದೇ ಕಾದಂಬರಿಯ ಉಸಿರು. ಆದರೆ ಕಾಗದಕ್ಕೆ ದನಿಯಿಲ್ಲ. ತುಳುನಾಡಿನ ದುಡಿಯನ್ನು ಕಂಡೇ ಇರದ ವಿಜಯಪುರದ ಓದುಗರಿಗೆ ಅದು ಹಲಗೆಯಂತೆ ಕೇಳಿಸಿರಬಹುದು, ಕೋಲಾರದವರಿಗೆ ತಮಟೆಯಂತೆ. 1975ರಲ್ಲಿ ಬಿ.ವಿ. ಕಾರಂತರು ಚಿತ್ರ ಮಾಡಿ, ಎಂ.ವಿ. ವಾಸುದೇವರಾವ್ ಅವರ ಕೈಗೆ ದುಡಿ ಕೊಟ್ಟ ಮೇಲೆ ಈ ಗೊಂದಲ ತೀರಿತು. ಕೊನೆಯಲ್ಲಿ ಬಾಗಿಲು ಹಾಕಿಕೊಂಡು ಚೋಮ ಬಾರಿಸುವಾಗ ನಾವು ಕೇಳುವುದು ಚೋಮನ ದುಡಿಯನ್ನೇ, ನಮ್ಮೂರ ಜಾತ್ರೆಯ ಬ್ಯಾಂಡನ್ನಲ್ಲ. ಇಲ್ಲಿ ಸಿನಿಮಾ ಪುಸ್ತಕದ ಸಾಲ ತೀರಿಸಿದೆ. ಅದೇ ‘ಸಂಸ್ಕಾರ’ದ ಪ್ರಾಣೇಶಾಚಾರ್ಯರ ವಿಷಯಕ್ಕೆ ಬಂದರೆ ತಕ್ಕಡಿ ಇನ್ನೊಂದು ಕಡೆಗೆ ವಾಲುತ್ತದೆ. ಸತ್ತ ಇಲಿ, ಸಂಸ್ಕಾರಕ್ಕೆ ಕಾಯುತ್ತ ಬಿದ್ದ ಹೆಣ, ಅಗ್ರಹಾರದ ಖಾಲಿ ಜಗಲಿ ಇವೆಲ್ಲ ಕ್ಯಾಮೆರಾಕ್ಕೆ ಸುಲಭದ ತುತ್ತು. ಆಚಾರ್ಯರು ತಮ್ಮೊಳಗೆ ತಾವೇ ನಡೆಸುವ ಕೊನೆಯಿಲ್ಲದ ವಾದವನ್ನು ಮಾತ್ರ ಎಷ್ಟು ಹತ್ತಿರದಿಂದ ಹಿಡಿದರೂ ಕಾಣುವುದು ಆ ಪಾತ್ರ ಮಾಡಿದ ಗಿರೀಶ ಕಾರ್ನಾಡರ ಹುಬ್ಬು. ಸಿನಿಮಾಕ್ಕೆ ಕಿವಿ ಚುರುಕು, ಪುಸ್ತಕಕ್ಕೆ ಮನಸ್ಸು. ಇಬ್ಬರನ್ನೂ ಒಂದೇ ಪರೀಕ್ಷೆಗೆ ಕೂರಿಸಿ ಅಂಕ ಕೊಡುವ ಮೇಷ್ಟ್ರು ನಾವು.

‘ಸರಿ, ನಮ್ಮ ತಲೆಯ ಸಿನಿಮಾ ಹಾಳಾಗಿ ಹೋಗಲಿ. ಬರೆದವರೇ ಬೇಡ ಎಂದರೆ?’ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಒಟ್ಟಿಗೆ ಹೆಣೆದು ಪುಟ್ಟಣ್ಣ ಕಣಗಾಲರು 1972ರಲ್ಲಿ ‘ನಾಗರಹಾವು’ ತೆಗೆದರು. ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರು ಎಂದು ತ.ರಾ.ಸು. ನೊಂದು ಹೇಳಿದ್ದು ಪ್ರಸಿದ್ಧ. ಹೆತ್ತವರ ಸಂಕಟ ಅದು. ಹೆಣ್ಣು ಕೊಟ್ಟ ಮನೆಗೆ ಹೋದಾಗ ಮಗಳು ಬೇರೆ ಥರ ಸೀರೆ ಉಟ್ಟಿದ್ದು ಕಂಡರೂ ಕರುಳು ಚುರ್ ಎನ್ನುತ್ತದೆ. ಆದರೆ ಐವತ್ತು ವರ್ಷ ದಾಟಿದ ಮೇಲೂ ಚಿತ್ರದುರ್ಗದ ಕೋಟೆ ಹತ್ತುವವರಿಗೆ ಅಲ್ಲಿ ರಾಮಾಚಾರಿಯಾಗಿ ವಿಷ್ಣುವರ್ಧನರೂ ಓಬವ್ವನಾಗಿ ಜಯಂತಿಯವರೂ ಕಾಣುತ್ತಾರೆ. ಚಾಮಯ್ಯ ಮೇಷ್ಟ್ರು ಎಂದರೆ ಅಶ್ವತ್ಥರ ಮುಖವೇ. ವಿಷವಿಲ್ಲದ ಕೇರೆಹಾವು ಇಷ್ಟು ಆಳವಾಗಿ ಕಚ್ಚೀತೇ? ಮೂಲಕ್ಕೆ ಅಕ್ಷರಶಃ ನಿಷ್ಠರಾಗಿ ಮೂರೂ ಕಾದಂಬರಿಗಳನ್ನು ಹಾಗೆಹಾಗೇ ಚಿತ್ರೀಕರಿಸಿದ್ದರೆ ಕೃತಿಗೆ ಅಪಚಾರವಾಗುತ್ತಿರಲಿಲ್ಲ. ಪ್ರೇಕ್ಷಕ ಮಾತ್ರ ಎರಡನೇ ಇಂಟರ್ವಲ್ಲಿನಲ್ಲಿ ಮನೆಗೆ ಹೋಗುತ್ತಿದ್ದ.

ಹಾಗಾದರೆ ನಿರ್ದೇಶಕರು ಏನು ಬೇಕಾದರೂ ಮಾಡಬಹುದೇ? ಇದಕ್ಕೆ ಉತ್ತರ ಹುಡುಕಲು ಮಾಲ್ಗುಡಿಯಷ್ಟು ಒಳ್ಳೆಯ ಊರು ಇನ್ನೊಂದಿಲ್ಲ. ಆರ್.ಕೆ. ನಾರಾಯಣರ ಈ ಊರು ಯಾವ ನಕ್ಷೆಯಲ್ಲೂ ಇಲ್ಲದ್ದರಿಂದ ಸಿನಿಮಾದವರು ಅದನ್ನು ತಮಗೆ ಬೇಕಾದ ಕಡೆಗೆ ಎತ್ತಿಕೊಂಡು ಹೋದರು. 1958ರ ‘ದಿ ಗೈಡ್’ ಕಾದಂಬರಿಯನ್ನು ಚಿತ್ರ ಮಾಡಲು ಬಂದವರಿಗೆ ನಾರಾಯಣರು ಮೈಸೂರಿನ ಸುತ್ತಮುತ್ತ ತಮ್ಮ ಕತೆಯ ತಾಣಗಳನ್ನು ಖುದ್ದಾಗಿ ತೋರಿಸಿದರು. ಬಂದವರು ನೋಡಿ ಮೆಚ್ಚಿ, ಹೋಗಿ ರಾಜಸ್ಥಾನದಲ್ಲಿ ಶೂಟಿಂಗ್ ಮಾಡಿದರು. 1965ರ ಆ ಚಿತ್ರದ ಬಗ್ಗೆ ನಾರಾಯಣರು ದಾರಿ ತಪ್ಪಿದ ಗೈಡ್ ಎಂಬರ್ಥದ ಪ್ರಬಂಧವನ್ನೇ ಬರೆದರು. ಆಮೇಲೆ ಮಾಲ್ಗುಡಿಯನ್ನು ಎತ್ತಿದವರು ಶಂಕರ್‌ನಾಗ್; ದೂರದರ್ಶನದ ‘ಮಾಲ್ಗುಡಿ ಡೇಸ್’ಗಾಗಿ ಅದನ್ನು ಆಗುಂಬೆಯಲ್ಲಿ ಇಳಿಸಿದರು. ರೈಲಿಲ್ಲದೆ ಮಾಲ್ಗುಡಿ ಇಲ್ಲ, ಆಗುಂಬೆಯಲ್ಲಿ ರೈಲೇ ಇಲ್ಲ. ರೈಲು ನಿಲ್ದಾಣಕ್ಕೆ ಅರಸಾಳಿಗೆ ಓಡಬೇಕಾಯಿತು. ನಿಷ್ಠೆಯ ಲೆಕ್ಕ ಹಾಕಿದರೆ ಮಳೆ ಜಡಿಯುವ ಆಗುಂಬೆಯೂ ರಾಜಸ್ಥಾನದ ಅರಮನೆಗಳ ಉದಯಪುರದಷ್ಟೇ ತಪ್ಪು ವಿಳಾಸ. ಆದರೂ ಆ ಧಾರಾವಾಹಿಯನ್ನು ಕಂಡು ಇದು ಮಾಲ್ಗುಡಿಯಲ್ಲ ಎಂದು ಯಾರಿಗೂ ಅನ್ನಿಸಲಿಲ್ಲ. ಅರಸಾಳಿನ ಹಳೆಯ ನಿಲ್ದಾಣದಲ್ಲಿ ಈಗ ಮಾಲ್ಗುಡಿ ವಸ್ತುಸಂಗ್ರಹಾಲಯವೇ ಇದೆ.

ಎರಡು ತಪ್ಪು ವಿಳಾಸಗಳಲ್ಲಿ ಒಂದಕ್ಕೆ ಮಾತ್ರ ಕಾಗದ ಸರಿಯಾಗಿ ಮುಟ್ಟಿದ್ದು ಹೇಗೆ? ಶಂಕರ್‌ನಾಗ್ ಊರು ಬದಲಿಸಿದರೂ ಊರಿನ ಅಳತೆ ಬದಲಿಸಲಿಲ್ಲ. ನಾರಾಯಣರ ಲೋಕದಲ್ಲಿ ಪರೀಕ್ಷೆಯ ಭಯ, ಕ್ರಿಕೆಟ್ ಚೆಂಡು, ಅಜ್ಜಿಯ ಗೊಣಗಾಟ ಇವೇ ಮಹಾಯುದ್ಧಗಳು. ಅವು ಆಗುಂಬೆಯ ಜಗಲಿಯಲ್ಲಿ ಆರಾಮಾಗಿ ಹಿಡಿದವು, ಅರಮನೆಯ ಅಂಗಳದಲ್ಲಿ ಕಳೆದುಹೋದವು. ‘ಗೈಡ್’ನ ಕೊನೆಯನ್ನೇ ನೋಡಿ. ಕಾದಂಬರಿಯಲ್ಲಿ ಮಳೆಗಾಗಿ ಮಾಡಿದ ಉಪವಾಸದಿಂದ ಬಸವಳಿದ ನಾಯಕ ರಾಜು ಬೆಟ್ಟದ ಮೇಲೆ ಮಳೆಯಾಗುತ್ತಿದೆ ಎನ್ನುತ್ತ ಕುಸಿಯುತ್ತಾನೆ; ಮಳೆ ನಿಜವಾಗಿ ಬಂತೋ, ಅವನು ಬದುಕಿದನೋ ಎಂಬುದು ಓದುಗರ ನಂಬಿಕೆಗೆ ಬಿಟ್ಟದ್ದು. ಹಿಂದಿ ಚಿತ್ರದಲ್ಲಿ ಸಂಶಯಕ್ಕೆ ಎಡೆಯೇ ಇಲ್ಲ, ಧೋ ಎಂದು ಸುರಿದು ಊರೆಲ್ಲ ಒದ್ದೆ. ಹಾಡುಗಳು ಚೆನ್ನ, ನೃತ್ಯ ಚೆನ್ನ, ಮಳೆಯೂ ಚೆನ್ನ. ಆದರೆ ಆ ಮಳೆಯಲ್ಲಿ ಕಾದಂಬರಿಯ ಪ್ರಶ್ನೆ ಕೊಚ್ಚಿಹೋಯಿತು. ಆದ್ದರಿಂದ ನಿಷ್ಠೆ ಎಂದರೆ ಇಷ್ಟೇ: ಊರು, ಉಡುಪು, ಹಾಡು, ಪಾತ್ರಗಳ ಸಂಖ್ಯೆ ಏನು ಬೇಕಾದರೂ ಬದಲಾಗಲಿ, ಪುಸ್ತಕ ಕೇಳಿದ ಪ್ರಶ್ನೆಯನ್ನು ಸಿನಿಮಾವೂ ಕೇಳಲಿ.

‘ತಕರಾರೆಲ್ಲ ಸಮಯದ್ದು, ಧಾರಾವಾಹಿ ಮಾಡಿದರೆ ಒಂದು ಪುಟವೂ ಬಿಡಬೇಕಾಗಿಲ್ಲ’ ಎನ್ನುವ ಆಶಾವಾದಿಗಳಿಗೂ ಒಂದು ಮಾತು. ಸಿನಿಮಾದ ರೋಗ ಕತ್ತರಿಸುವುದಾದರೆ ಧಾರಾವಾಹಿಯ ರೋಗ ಜಗ್ಗುವುದು. ಪುಸ್ತಕದಲ್ಲಿ ‘ಅತ್ತೆ ಒಳಗೆ ಬಂದಳು’ ಎಂಬ ಮೂರು ಪದಕ್ಕೆ ಟಿವಿಯಲ್ಲಿ ಬಾಗಿಲು, ಬಳೆ, ಸೊಸೆಯ ಕಣ್ಣು, ನಾದಿನಿಯ ಕಣ್ಣು, ಒಂದು ಸಿಡಿಲು, ಮುಂದಿನ ಸಂಚಿಕೆ. ಮುನ್ನೂರು ಪುಟದ ‘ಹಾಬಿಟ್’ ಪುಸ್ತಕವನ್ನು ಹಾಲಿವುಡ್ಡಿನವರು ಮೂರು ಚಿತ್ರ ಮಾಡಿ ಜಗ್ಗಿದ್ದಾರೆ, ಈ ವಿದ್ಯೆ ನಮ್ಮಲ್ಲಿ ಮಾತ್ರ ಇದೆ ಎಂದು ಹೆಮ್ಮೆ ಪಡಬೇಕಾಗಿಲ್ಲ. ಹಾಗೆಂದು ಉದ್ದವೇ ರೋಗವೇನೂ ಅಲ್ಲ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಮೈಸೂರಿನ ರಂಗಾಯಣದಲ್ಲಿ ಸಿ. ಬಸವಲಿಂಗಯ್ಯನವರ ನಿರ್ದೇಶನದಲ್ಲಿ ಇಡೀ ರಾತ್ರಿಯ ನಾಟಕವಾದಾಗ ಜನ ಬೆಳಗಿನವರೆಗೆ ಕೂತು ನೋಡಿದರು. ಅಷ್ಟು ಹೊತ್ತು ಆಡಿದರೂ ಕಾದಂಬರಿಯಿಂದ ಬಿಟ್ಟದ್ದು ಬೇಕಾದಷ್ಟಿತ್ತು. ಆದರೆ ಬಿಟ್ಟದ್ದರ ಲೆಕ್ಕ ಹಿಡಿಯಲು ಯಾರೂ ಕೂತಿರಲಿಲ್ಲ; ಮಲೆನಾಡು ಕಣ್ಣೆದುರು ಬಂದಿತ್ತು, ಅಷ್ಟು ಸಾಕಾಯಿತು.

ಉಳಿಯುವ ನಿಜವಾದ ಆಕ್ಷೇಪ ಒಂದೇ: ಸಿನಿಮಾ ಗೆದ್ದರೆ ಪುಸ್ತಕ ಮರೆಯಾಗುತ್ತದೆ. ಇದು ಸುಳ್ಳಲ್ಲ. ‘ಬಂಗಾರದ ಮನುಷ್ಯ’ ಎಂದೊಡನೆ ರಾಜ್‌ಕುಮಾರ್ ಹೆಗಲ ಮೇಲಿನ ಟವೆಲ್ಲಿನ ಸಮೇತ ಎದುರು ನಿಲ್ಲುತ್ತಾರೆ. ಕಾದಂಬರಿ ಬರೆದ ಟಿ.ಕೆ. ರಾಮರಾಯರನ್ನು ನೆನೆಯಲು ಕೊಂಚ ತಲೆ ಕೆರೆದುಕೊಳ್ಳಬೇಕು. ‘ಬೆಳ್ಳಿಮೋಡ’, ‘ಶರಪಂಜರ’ಗಳು ತೆರೆಗೆ ಬರುವ ಹೊತ್ತಿಗೆ ತ್ರಿವೇಣಿಯವರು ಬದುಕಿರಲೇ ಇಲ್ಲ, ತಕರಾರು ಹೇಳುವ ಭಾಗ್ಯವೂ ಅವರಿಗೆ ದಕ್ಕಲಿಲ್ಲ. ಆದರೆ ಇದು ಸಿನಿಮಾದ ತಪ್ಪಲ್ಲ, ನೋಡಿ ಬಂದು ಮಲಗಿದವರ ತಪ್ಪು. ಆ ಪುಸ್ತಕಗಳನ್ನು ಯಾರೂ ಸುಟ್ಟಿಲ್ಲ. ಹಾಗಾಗಿ ಓದುಗರಲ್ಲಿ ಒಂದು ವಿನಂತಿ: ಮೊದಲು ಸಿನಿಮಾ ನೋಡಿ, ಆಮೇಲೆ ಪುಸ್ತಕ ಓದಿ. ನಾಯಕನಿಗೆ ನಟನ ಮುಖ ಅಂಟಿಕೊಂಡರೆ ಅಂಟಿಕೊಳ್ಳಲಿ, ಅಷ್ಟು ನಷ್ಟ ತಡೆದುಕೊಳ್ಳಬಹುದು. ಸಿನಿಮಾ ಬಿಟ್ಟದ್ದೆಲ್ಲ ಪುಟಪುಟದಲ್ಲೂ ಲಾಭವಾಗಿ ಸಿಗುತ್ತದೆ. ಓದಿ ಮುಗಿಸಿದ ಮೇಲೆ ‘ಪುಸ್ತಕವೇ ಚೆನ್ನಾಗಿತ್ತು’ ಎಂದು ಧಾರಾಳವಾಗಿ ಹೇಳಿ. ಆಗ ಅದು ದೂರು ಆಗಿರುವುದಿಲ್ಲ, ಪುಸ್ತಕಕ್ಕೆ ಇನ್ನೊಬ್ಬ ಓದುಗರನ್ನು ಕರೆಯುವ ಮಾತಾಗಿರುತ್ತದೆ.